ಮಾಳಿಗೆಗೆ ಜಡಿದ ಬೀಗ

ಓದು ಐದನೆಯ ತರಗತಿಗೇ ನಿಂತರೂ ಆಸ್ತಿಯ ವಿಚಾರವನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ನನ್ನದು. ಕಾಲುವೆ ನೀರು ಬಂದ ಮೇಲೆ ಮೈಮುರಿದು ಭತ್ತ ಬೆಳೆದು, ಶಹಾಪುರದಲ್ಲಿ ಮೂರಂತಸ್ತಿನ ಕಟ್ಟಡದ ಮೇಲ್ತುದಿಯ ಫ್ಲಾಟು ಕೊಂಡವನು ನಾನು. ತುದಿಯದೇ ಏಕೆ ಅಂತೀರಾ? ನಮ್ಮ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆಯ, ಅಂದರೆ ಚಪ್ಪಟೆ ತಾರಸಿಯ ಮನೆಗಳು. ಕೆಳಗೆ ಯಾರ ಒಲೆಯೋ ಮೇಲೆ ಅವರದೇ ಮಾಳಿಗೆ. ಅಂದಮೇಲೆ ಇಲ್ಲಿಯೂ ಮಾಳಿಗೆ ನನಗೆ ಪುಕ್ಕಟೆ! ಕೆಳಗಿನ ಮನೆ ಕೊಂಡವರ ದಡ್ಡತನಕ್ಕೆ ಒಳಗೊಳಗೇ ಮರುಗಿ, ಮಾಳಿಗೆಯ ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಸಂಜೆ ಅಲ್ಲಿ ಹೊರಸಿನ ಮೇಲೆ ಅಂಗಾತ ಮಲಗಿದರೆ ಆಕಾಶವೂ ನನ್ನ ಹೆಸರಿಗೇ ಆದಂತೆ.

ಒಂದು ಮಧ್ಯಾಹ್ನ ಹೊಲದಿಂದ ಊಟಕ್ಕೆ ಬಂದರೆ, ಬೀಗದ ಮುಂದೆ ಎಲ್ಲಕ್ಕಿಂತ ಕೆಳಗಿನ ಮನೆಯ ನೀಲಮ್ಮ. ಮಗಳ ಮದುವೆಗೆ ಹೊಸೆದ ಹಸಿ ಶಾವಿಗೆ ಅವಳು ಹೊತ್ತು ತಂದ ಕೋಲುಗಳ ಮೇಲೆ ತೂಗುತ್ತಿತ್ತು. ಬಿಸಿಲು ತಪ್ಪಿದರೆ ಅಷ್ಟೂ ಹುಳಿಹಿಡಿಯುತ್ತದೆ.

"ಅಣ್ಣಾರ, ಲಗೂನ ಕೀಲಿ ತೆಗೀರಿ."

"ಮಾಳಗಿ ನಂದವ್ವ. ಮೊದಲ ಒಂದ್ ಮಾತು ಕೇಳಬೇಕಿತ್ತು."

"ಹೌದ್ರಿ? ಹಂಗಾದ್ರ ಕೆಳಗಿನ ನೆಲ ನಂದು. ನಾಳಿಂದ ನಿಮ್ಮ ಮನಿಗಿ ಹಾರಿ ಬರ್ರಿ!"

ಅಷ್ಟರಲ್ಲಿ ನಮ್ಮ ಮನೆಯೊಳಗಿನಿಂದ ನನ್ನ ಹೆಂಡತಿಯ ದನಿ:

"ಮೊನ್ನಿ ಮ್ಯಾಲಿನ ಹೊಲದಾಂವ ಕಾಲುವಿ ನೀರಿಗಿ ಅಡ್ಡ ಕಟ್ಟಿದಾಗ ಏನಂತ ಒದರಿದ್ರಿ? 'ನಿನ್ನ ಹೊಲದಾಗ ಹಾದು ಬಂದ್ರ ನೀರು ನಿಮ್ಮಪ್ಪಂದೇನಲೇ' ಅಂದಿದ್ದಿಲ್ಲ?"

ಅಂದಿದ್ದೆ. ಇಡೀ ಕಾಲುವೆಗೆ ಕೇಳುವಂತೆ ಅಂದಿದ್ದೆ. ಕಡೆಯ ಹೊಲದವರೆಲ್ಲ ಭೇಷ್ ಎಂದಿದ್ದರು.

ಆಗ ತಲೆಗೆ ಹೋಯಿತು. ನಾನು ಕೊಂಡದ್ದು ನನ್ನ ಗೋಡೆಗಳ ಒಳಗಿನದು. ಮೆಟ್ಟಿಲು, ಮಾಳಿಗೆ, ಕಟ್ಟಡ ನಿಂತ ನೆಲ ಇವುಗಳಲ್ಲಿ ಎಲ್ಲರ ಪಾಲೂ ಕಾಲುವೆ ನೀರಿನಂತೆ ಬೆರೆತಿದೆ. ನಡುವೆ ಬದು ಹಾಕಲು ಬರುವುದಿಲ್ಲ.

ತಲೆಗೆ ಹೋದದ್ದು ಸುಲಭ, ಉಡಿದಾರದ ಗಂಟು ಬಿಚ್ಚುವುದೇ ಕಷ್ಟ. ನೀಲಮ್ಮ, ಬಾಗಿಲಿಗೆ ಬಂದು ನಿಂತ ಹೆಂಡತಿ, ಇಬ್ಬರು ಹೆಂಗಸರ ಎದುರು ಗೋಡೆಗೆ ಮುಖ ಮಾಡಿ, ಧೋತರದೊಳಗೆ ಕೈ ತೂರಿಸಿ ತಡಕಾಡುವಾಗ ನನ್ನ ಮಾಲೀಕತನವೆಲ್ಲ ಬೆವರಾಗಿ ಇಳಿಯಿತು.

ಶಾವಿಗೆ ಬಿಸಿಲು ಕಂಡಿತು. ನನ್ನ ಹೊರಸಿನ ಮೇಲೂ ಕೋಲುಗಳೇ. ನಾನು ಮೆಲ್ಲಗೆ ಕೆಳಗಿಳಿಯಲು ಹೊರಟರೆ, ನೀಲಮ್ಮ ಒಂದು ಬಡಿಗೆಯನ್ನು ಕೈಗಿತ್ತಳು.

"ಮಾಳಗಿ ನಿಮ್ದೇ ಅದಲ್ರಿ ಅಣ್ಣಾರ, ಕಾಗಿ ಕಾಯ್ರಿ."

ಸಂಜೆಯವರೆಗೂ ಕಾದೆ. ನಿಜ ಹೇಳಬೇಕೆಂದರೆ, ಮಾಳಿಗೆ ನನ್ನೊಬ್ಬನದೇ ಆಗಿದ್ದಷ್ಟು ದಿನ ಅತ್ತ ಒಂದು ಕಾಗೆಯೂ ಸುಳಿದಿರಲಿಲ್ಲ.