ಕೀಲಿ ಹಾಕಿದ ಲಗ್ನಪತ್ರಿಕೆ

ಗುರುಲಿಂಗಣ್ಣನ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ದೇವರ ಫೋಟೋ ಅಲ್ಲ, ಗೋಡೆಯ ಮೇಲೆ ಗೇಣುದ್ದದ ಕೆಂಪಕ್ಷರದಲ್ಲಿ ಬರೆಸಿದ್ದ ಕಂಪ್ಯೂಟರಿನ ಪಾಸ್‌ವರ್ಡ್. ಸಿಂದಗಿ ಬಸ್ ನಿಲ್ದಾಣದ ಹಿಂದೆ ಅವನದು ಲಗ್ನಪತ್ರಿಕೆ ಮುದ್ರಿಸುವ ಅಂಗಡಿ. ಬಸ್ ತಪ್ಪಿದವರೂ ಒಳಗೆ ಬಂದು ಆ ಪಾಸ್‌ವರ್ಡ್ ಒತ್ತಿ ಅರ್ಜಿ ಟೈಪು ಮಾಡಿಕೊಂಡು ಹೋಗುತ್ತಿದ್ದರು. ಕೇಳಿದರೆ, "ಕದಿಯಾಕ ಏನೈತಿ? ಎಲ್ಲಾ ಬಿಚ್ಚೇ ಇಟ್ಟೇನಲ್ಲ" ಎನ್ನುತ್ತಿದ್ದ.

ಪಕ್ಕದ ಫೋಟೋ ಸ್ಟುಡಿಯೋ ನನ್ನದು. ಗುರುಲಿಂಗಣ್ಣ ನನಗೆ ಬರೀ ಅಣ್ಣ. ಅವನು ಬಳಸುತ್ತಿದ್ದುದೆಲ್ಲ ಮುಕ್ತ ತಂತ್ರಾಂಶ. ಅದರ ಮಂತ್ರವನ್ನು ಬೆರಳು ಮಡಚಿ ಹೇಳುತ್ತಿದ್ದ: "ಬೇಕಾದಂಗ ಬಳಸು, ಬಿಚ್ಚಿ ನೋಡು, ತಿದ್ದು, ಹಂಚು." ನನ್ನ ಕಂಪ್ಯೂಟರಿನಲ್ಲಿದ್ದ ಕದ್ದ ಸಾಫ್ಟ್‌ವೇರ್ ಕಂಡರೆ ಅವನಿಗೆ ಮೈಯೆಲ್ಲ ಉರಿ. "ರಫೀಕ, ಕಳವು ಮಾಡಿಯೂ ಗುಲಾಮ ಆದಾಂವ ನೀನೊಬ್ಬನ ನೋಡು" ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ. ಈ ಭಾಷಣ ನಡೆದಿರುವಾಗ ಅವನ ಹೆಂಡತಿ ನೀಲವ್ವ ಮೂಲೆಯ ಸ್ಟೂಲಿನಲ್ಲಿ ಕಾರ್ಡು ಮಡಚುತ್ತ ಕೂತಿರುತ್ತಿದ್ದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಸ್ವಾತಂತ್ರ್ಯ ಮಾನವನ ಹುಟ್ಟುಹಕ್ಕು ಎಂಬಲ್ಲಿಗೆ ಬಂದಾಗ ಅಣ್ಣ ತಿರುಗಿಯೂ ನೋಡದೆ "ಏ, ಚಾ ತಾ" ಎನ್ನುತ್ತಿದ್ದ. ವೈನಿ ಎದ್ದು ಹೋಗುತ್ತಿದ್ದರು.

ಕಾರ್ಡು ಮಾಡಿಸಿದವರಿಗೆಲ್ಲ ಅದರ ಫೈಲನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಡುವುದು ಅವನ ವ್ರತ. ಒಮ್ಮೆ ಬಸವನ ಬಾಗೇವಾಡಿಯ ಒಂದು ಮನೆತನಕ್ಕೆ ಹಾಗೆ ಕೊಟ್ಟ. ಕಾರ್ಡಿನ ಕೆಳಗೆ ಸುಖಾಗಮನ ಬಯಸುವವರ ಪಟ್ಟಿ ಇರುತ್ತದಲ್ಲ, ನಮ್ಮ ಕಡೆ ವಧೂವರರ ಹೆಸರು ತಪ್ಪಿದರೂ ನಡೆದೀತು, ಆ ಪಟ್ಟಿಯಲ್ಲಿ ಮೇಲಿನವರು ಕೆಳಗಾದರೆ ಮಾತು ಬಿಡುತ್ತಾರೆ. ಇಂಡಿ ಊರಿನ ದೊಡ್ಡಪ್ಪ ಆ ಫೈಲು ತಿದ್ದಿ ತನ್ನ ಹೆಸರು ಮೇಲೆ ಹಾಕಿಕೊಂಡು ಒಂದು ಕಾರ್ಡು ಹೊರಡಿಸಿದ. ಮುದ್ದೇಬಿಹಾಳದ ಸೋದರಮಾವ ಇನ್ನೊಂದು ಹೊರಡಿಸಿದ. ಬಾಗೇವಾಡಿಯದು ಮೂಲ ಪ್ರತಿ. ಇಂಡಿಯವನಂತೂ ತನ್ನೂರ ಬಸ್ಸಿಗೆ ಹೊಂದುವಂತೆ ಅಕ್ಷತೆಯ ವೇಳೆಯನ್ನೇ ಮುಂದೂಡಿದ್ದ. ಅವನ ಕಾರ್ಡು ನಂಬಿ ಬಂದವರು ಅಕ್ಕಿಕಾಳು ಹಿಡಿದು ನಿಂತಾಗ ವಧೂವರರು ಊಟಕ್ಕೆ ಕೂತಿದ್ದರು. ಮರುದಿನ ಮೂರೂ ಕಡೆಯವರು ಅಂಗಡಿಗೆ ಜಗಳಕ್ಕೆ ಬಂದರು.

"ಮೂರೂ ಕಾರ್ಡ್ ಖರೇ ಅದಾವ್ರಿ. ನಿಮ್ಮ ನಿಮ್ಮ ಹಕ್ಕು ನೀವು ಚಲಾಯಿಸೀರಿ" ಎಂದ ಅಣ್ಣ. ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಎಂದೂ ನೋಡಿರಲಿಲ್ಲ.

ಮುಂದೆ ಅವನ ಮಗಳು ಸುಮಂಗಲಾಳ ಲಗ್ನ ಗೊತ್ತಾಯಿತು. ಕಾರ್ಡಿನಲ್ಲಿ ಅವನ ಅಣ್ಣತಮ್ಮಂದಿರು, ಅವರ ಗಂಡುಮಕ್ಕಳು, ಹಾಲು ಕುಡಿಯುವ ಮೊಮ್ಮಗ ಎಲ್ಲರೂ ಇದ್ದರು. ವೈನಿಯ ಹೆಸರು ಇರಲಿಲ್ಲ. ಮಗಳು ನನ್ನ ಎದುರಿಗೇ ಕೇಳಿದಳು. "ಅಪ್ಪಾ, ಅವ್ವನ ಹೆಸರೆಲ್ಲಿ?"

"ನಮ್ಮ ಮನೆತನದಾಗ ಹೆಂಗಸರ ಹೆಸರು ಹಾಕೂ ಪದ್ಧತಿ ಇಲ್ಲವ್ವ."

"ಹಂಗಾರ ಫೈಲ್ ಕೊಡು, ನಾ ತಿದ್ದತೇನಿ."

ಅವಳು ಕಂಪ್ಯೂಟರಿನ ಮುಂದೆ ಕೂತಳು. ಫೈಲಿಗೆ ಬೇರೆ ಪಾಸ್‌ವರ್ಡ್ ಹಾಕಿತ್ತು, ಗೋಡೆಯ ಮೇಲಿನದು ನಡೆಯಲಿಲ್ಲ. ಅಣ್ಣ ನನ್ನ ಕಡೆ ನೋಡದೆ, "ಬಾಗೇವಾಡಿಯವರ ಗತಿ ನಮಗೂ ಆಗಬೇಕೇನು?" ಎಂದ. ಮಗಳು ಅವನಂತೆಯೇ ಬೆರಳು ಮಡಚುತ್ತ, "ಬಳಸು, ಬಿಚ್ಚಿ ನೋಡು, ತಿದ್ದು, ಹಂಚು" ಎಂದು ಹೇಳಿ ಎದ್ದು ಹೋದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಮೂಲೆಯಲ್ಲಿ ವೈನಿ ತಮ್ಮ ಹೆಸರಿಲ್ಲದ ಆ ಕಾರ್ಡುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು. ಅದನ್ನು ಕಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅಣ್ಣ ನನ್ನ ಸ್ಟುಡಿಯೋಕ್ಕೆ ಬಂದು ಕೂತ. "ರಫೀಕ, ಸುಮಂಗಲಾನ ಲಗ್ನದ ಕಾರ್ಡಿನ ಪಾಸ್‌ವರ್ಡ್ ಮರತೇನಿ. ಮೂರು ದಿನ ಆತು ಹುಡುಕಾಕತ್ತಿ. ಊರ ಮಂದಿ ಕಾರ್ಡೆಲ್ಲಾ ಬಿಚ್ಚಿ ಬಿದ್ದಾವ, ನಂದೊಂದಕ್ಕ ಕೀಲಿ ಐತಿ."

"ಗೋಡಿ ಮ್ಯಾಲ ಬರಸಬೇಕಿತ್ತಲ್ಲಣ್ಣಾ" ಎಂದೆ. ಅವನು ನಗಲಿಲ್ಲ. "ಆಕಿ ಹೆಸರು ಹಾಕಬೇಕಿತ್ತಪಾ" ಎಂದು ಎದ್ದ. ವೈನಿಗೆ ಹೇಳಬೇಕಾದ ಮಾತನ್ನು ನನಗೆ ಹೇಳಿ ಹೋದ. ಅದೇ ನಮ್ಮ ಕೊನೆಯ ಭೇಟಿ. ಆ ವಾರವೇ ಎದೆನೋವು ಬಂದು ತೀರಿಕೊಂಡ.

ಅವನ ಉತ್ತರಕ್ರಿಯೆಗೆ ಕರೆಯುವ ಶಿವಗಣಾರಾಧನೆಯ ಕಾರ್ಡನ್ನು ವೈನಿಯೇ ಮಾಡಿದರು. ಗೋಡೆ ನೋಡಿ ಪಾಸ್‌ವರ್ಡ್ ಒತ್ತಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಟೈಪು ಮಾಡಿದರು. ದುಃಖತಪ್ತರ ಪಟ್ಟಿಯಲ್ಲಿ ಮೊದಲ ಹೆಸರು ನೀಲವ್ವ, ಎರಡನೆಯದು ಸುಮಂಗಲಾ. ಅಣ್ಣತಮ್ಮಂದಿರು ಅದರ ಕೆಳಗೆ. ವೈನಿಯ ಹಿರಿಯ ಭಾವ ಕೆಂಡವಾದ. "ಗಂಡಸರು ಇರಬೇಕಾದ್ರ ಹೆಂಗಸಿನ ಹೆಸರು ಮ್ಯಾಲ ಹಾಕೂದು ಎಲ್ಲೆರ ಐತೇನು?"

ವೈನಿ ಕಾರ್ಡು ಮಡಚುವುದನ್ನು ನಿಲ್ಲಿಸಲಿಲ್ಲ. "ಪೆನ್‌ಡ್ರೈವ್ ತರ್ರಿ, ಫೈಲ್ ಕೊಡ್ತೇನಿ. ನಿಮ್ಮ ಹೆಸರು ಮ್ಯಾಲ ಹಾಕ್ಕೊಂಡು ನೀವೂ ಹಂಚ್ರಿ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಕಾರ್ಡ್ ಹಿಂಗ ಹೋಗತೈತಿ."

ಎರಡು ದಿನ ಆ ಫೈಲು ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಯಾರೂ ಪೆನ್‌ಡ್ರೈವ್ ತರಲಿಲ್ಲ.