ಮುಳ್ಳು ಕದಲದ ವಿಮಾನ

ಕುಣಿಗಲ್ಲಿನ ಇಮಾಂ ಸಾಬರು ಕುದುರೆಗೆ ಲಾಳ ಹೊಡೆಯುತ್ತಿದ್ದವರು. ಆಳುಗಳ ಪಕ್ಕೆ ಮುರಿದಿದ್ದ ಗಂಡುಕುದುರೆಯ ಕಾಲನ್ನು, ಹಗ್ಗ ಬಿಗಿಯದೆ, ತೊಡೆಯ ಮೇಲಿಟ್ಟುಕೊಂಡು ಲಾಳ ಕೂರಿಸಿದ ಗಟ್ಟಿಗ. ಮಗ ಸಯೀದ್ ಸಾಬರು ಗುಬ್ಬಿಗೆ ಬಂದು ಜಟಕಾ ಕಟ್ಟಿದರು. ಜಟಕಾ ಕಾಲ ಮುಗಿದಾಗ ಅಳುತ್ತಾ ಕೂರದೆ ಲಾರಿಗೆ ಬಾಡಿ ಕಟ್ಟುವುದನ್ನು ಕಲಿತರು. ಅವರ ಮಗ, ಆ ಬೇರಿನ ಚಿಗುರು, ನಮ್ಮ ನಯಾಜ್ ಅಹಮದ್. ಬಟವಾಡಿಯ ಶೆಡ್ಡಿನಲ್ಲಿ ಲಾರಿ ಕಟ್ಟುತ್ತಲೇ, ಬಿಡುವಾದಾಗಲೆಲ್ಲ ಇಬ್ಬರು ಕೂರುವ ಒಂದು ವಿಮಾನ ಕಟ್ಟಿದ. ಹಾರಿಸುವುದನ್ನೂ ಬೆಂಗಳೂರಿಗೆ ಹೋಗಿ ಕಲಿತು ಬಂದ. ನಕ್ಕವರಿಗೆಲ್ಲ ಅವನದು ಒಂದೇ ಉತ್ತರ: "ಗುಬ್ಬಿಯೋನು ಹಾರ್ದೆ ಇನ್ಯಾರ್ಲಾ ಹಾರೋರು?"

ಒಬ್ಬ ಮುಖಂಡರ ಕಿವಿಗೆ ಸುದ್ದಿ ಬಿತ್ತು. "ಜನದ ಮುಂದೆ ಚಕ್ರ ನೆಲ ಬಿಡ್ಲಿ. ವಿಮಾನ ಕಟ್ಟೋ ಕಾರ್ಖಾನೆಗೆ ಜಾಗ ನಾನು ಕೊಡಿಸ್ತೀನಿ" ಎಂದರು. ಬೇಕಾದ ಪರ್ಮಿಷನ್ನೂ ಅವರೇ ತರಿಸಿದರು. ನಯಾಜನ ಇಡೀ ಬದುಕು ಆ ಒಂದು ಹಾರಾಟಕ್ಕೆ ಜೋತುಬಿತ್ತು.

ಕೋರದ ಹತ್ತಿರ ಸೈಟಿಗೆಂದು ಮಟ್ಟ ಮಾಡಿದ್ದ ಬಯಲು. ಅದರ ತುದಿಗೆ ಕೆರೆ ಏರಿ. ಬೇಡವೆಂದರೂ ಏರಿಯ ಮೇಲೆ ಜನ ಸಾಲಾಗಿ ಕೂತುಬಿಟ್ಟಿದ್ದರು.

"ಏನ್ ಸಾಬ್ರೆ, ಯಡಿಯೂರ್ಗೆ ಎಷ್ಟು ಚಾರ್ಜು?" ಎಂದು ಏರಿಯ ಮೇಲಿಂದ ಒಬ್ಬ ಕೇಳಿದ.

"ಟಾಪ್ ಮೇಲಾದ್ರೆ ಫ್ರೀ ಕಣಣ್ಣೋ!" ಎಂದ ನಯಾಜ್.

ಮುಖಂಡರ ಕಡೆಯ ಪ್ರಭುದೇವ ಗಾಡಿಪೂಜೆ ಮಾಡಿಸಿದ. ನಯಾಜನ ಶೆಡ್ಡಿನಿಂದ ಪೂಜೆಯಿಲ್ಲದೆ ಯಾವ ಲಾರಿಯೂ ಹೊರಟಿದ್ದಿಲ್ಲ. ಅವನೇನೂ ತಕರಾರು ತೆಗೆಯಲಿಲ್ಲ. ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ವಿಭೂತಿ. ಅತ್ತ ನಯಾಜನ ತಲೆಗೆ ಪೇಟ ಸುತ್ತುತ್ತಿರುವಾಗ, ಇತ್ತ ಪ್ರಭುದೇವ ಊದುಬತ್ತಿ ಸಿಕ್ಕಿಸಲು ಜಾಗ ಹುಡುಕಿದ. ರೆಕ್ಕೆಯಡಿ ಒಂದು ಸಣ್ಣ ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. ಹೇಳಿ ಮಾಡಿಸಿದಂತಿದೆ ಎಂದು ಅದರೊಳಗೇ ತುರುಕಿದ. ಹೊರಡುವಾಗ ಕಡ್ಡಿ ಕಿತ್ತ. ಅದು ಮುರಿದು, ತುಂಡು ಒಳಗೇ ಉಳಿಯಿತು.

ಅದು ವೇಗ ತಿಳಿಯಲು ಗಾಳಿ ಹಿಡಿಯುವ ಕೊಳವೆ.

ಇಂಜಿನ್ ಅಬ್ಬರಿಸಿತು. ಆಟೋದಲ್ಲಿ ಕೂತಿದ್ದ ಹೆಂಡತಿ ಜೈನಬ್ ಬೀ ಸೆರಗು ಕಚ್ಚಿಕೊಂಡಳು. ವಿಮಾನ ಓಡಿತು. ಬಾಲ ಎದ್ದಿತು, ಚಕ್ರ ಹಗುರಾಯಿತು. ನಯಾಜ್ ವೇಗದ ಮುಳ್ಳು ನೋಡಿದ. ಸೊನ್ನೆಯಲ್ಲೇ ನಿಂತಿತ್ತು. ಬೆರಳಲ್ಲಿ ಕುಟ್ಟಿದ. ಕದಲಲಿಲ್ಲ. ವೇಗ ತಿಳಿಯದೆ ಎದ್ದರೆ ಕಲ್ಲು ಬಿದ್ದಂತೆ ಬೀಳಬಹುದು. ಬೀಳುವ ಕಡೆ ಏರಿ, ಏರಿ ತುಂಬ ಮಕ್ಕಳುಮರಿ. ಕೈಯಲ್ಲಿದ್ದ ಹಿಡಿ ಎಳೆದರೆ ಮುಗಿಲು, ಬಿಟ್ಟರೆ ಮಾನ ಮಣ್ಣುಪಾಲು. ಏರಿ ಎದ್ದುಬಂದು ಎದೆಗೆ ಬಡಿಯುವಂತಿತ್ತು. ಇಂಜಿನ್ ಆರಿಸಿ ಬ್ರೇಕು ತುಳಿದ. ವಿಮಾನ ಅರಚುತ್ತಾ, ಸೊಟ್ಟಗೆ ತಿರುಗಿ, ಏರಿಯ ಬುಡದಲ್ಲಿ ನಿಂತಿತು.

"ಗುಬ್ಬಿ ಅಂದ್ರಲ್ಲಪ್ಪ, ಇದು ಕೋಳಿ!" ಎಂದು ಯಾವನೋ ಕೂಗಿದ. ಏರಿಗೆ ಏರಿಯೇ ನಕ್ಕಿತು. ಮುಖಂಡರ ಕಾರು ಆಗಲೇ ರಸ್ತೆ ಹತ್ತಿತ್ತು. ಜಾಗದ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಆ ವಾರವೇ ನಯಾಜ್ ಕೊಳವೆ ಬಿಚ್ಚಿ ಅದರಲ್ಲಿದ್ದ ತುಂಡನ್ನು ಕಂಡ. ಯಾರಿಗೂ ಹೇಳಲಿಲ್ಲ. ಆದರೆ ಶೆಡ್ಡಿಗೆ ಬಂದ ಪ್ರಭುದೇವ, ಬಿಚ್ಚಿಟ್ಟಿದ್ದ ಕೊಳವೆ, ಅದರ ಪಕ್ಕದ ಊದುಬತ್ತಿ ತುಂಡು, ಬೂದಿ ನೋಡಿ ಬಿಳಿಚಿಕೊಂಡ.

"ನಯಾಜಣ್ಣ, ನನ್ನಿಂದ್ಲೇ ಆಗಿದ್ದು ಇದು. ಸಾಹೇಬ್ರ ಮುಂದೆ ಹೇಳ್ತೀನಿ, ಪೇಪರ್ನೋರ ಮುಂದೂ ಹೇಳ್ತೀನಿ. ಹಾರ್ಸೋಕೆ ಇನ್ನೊಂದ್ ದಿನ ಕೊಡಿಸ್ತೀನಿ, ನನ್ ಮಾತ್ ಕೇಳು."

ನಯಾಜ್ ಸ್ಪ್ಯಾನರ್ ಕೆಳಗಿಟ್ಟ.

"ಬ್ಯಾಡ ಬುಡು ಪ್ರಭು. ನೀನು ನಿಜಾನೇ ಹೇಳ್ತೀಯ. ಆದ್ರೆ ಅದು ಸರ್ಕಲ್ ದಾಟೋ ಹೊತ್ಗೆ 'ಪೂಜೆಯಿಂದ ಕೆಡ್ತು ಅಂದ ಸಾಬಿ' ಅಂತಾಗಿರ್ತದೆ. ನಾನು ನಾಳೆನೂ ಈ ಬೀದೀಲೇ ಲಾರಿ ಕಟ್ಬೇಕು ಕಣಪ್ಪ. ಕೋಳಿ ಅಂದ್ರಲ್ಲ, ಅನ್ಲಿ. ನೀನು ಬಾಯ್ ಬುಡ್ಬೇಡ, ನಂಗೇನೂ ಕೊಡಿಸ್ಲೂಬೇಡ."