ಐಸಿನ ಡಬ್ಬಿಯಲ್ಲಿ ಎರಡು ಟ್ಯೂಬು ರಕ್ತ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಹಿಂದಿನ ಬೀದಿಯಲ್ಲೇ ಬಾಡಿಗೆ ಕೋಣೆ. ಸಂಜೆ ಲ್ಯಾಬಿನ ಬಾಗಿಲು ಹಾಕಿದರೆ ಮಾರನೆಯ ಬೆಳಗಿನವರೆಗೆ ನನ್ನನ್ನು ಮಾತಾಡಿಸುವವರು ಯಾರೂ ಇರುತ್ತಿರಲಿಲ್ಲ.

ವಾರಕ್ಕೊಮ್ಮೆ ಮೈಸೂರಿನಿಂದ ಪಕ್ಕದ ಕ್ಲಿನಿಕ್ಕಿಗೆ ಬರುತ್ತಿದ್ದ ಮಕ್ಕಳ ಡಾಕ್ಟರು ಒಂದು ದಿನ ಹೆಮ್ಮಿಗೆಯ ಹೆಂಗಸೊಬ್ಬಳನ್ನು ನಮ್ಮಲ್ಲಿಗೆ ಕಳಿಸಿದರು. ಅವಳ ಸೊಂಟದ ಮೇಲೆ ನಾಲ್ಕು ವರ್ಷದ ಹೆಣ್ಣು ಮಗು. ಕೈಕಾಲು ಕಡ್ಡಿಯಂತಿದ್ದವು, ಹೊಟ್ಟೆ ಮಾತ್ರ ಉಬ್ಬಿ ಬಿಗಿದುಕೊಂಡಿತ್ತು. ಹಿಂದೆಯೇ ಡಾಕ್ಟರೂ ಬಂದರು.

"ಒಂದು ಬಗೆಯ ಕೊಬ್ಬನ್ನು ಕರಗಿಸೋ ಎಂಜೈಮ್ ಇವಳಲ್ಲಿ ಕೆಲಸ ಮಾಡ್ತಿಲ್ಲ ಅಂತ ನನ್ನ ಅನುಮಾನ. ಕರಗದೆ ಉಳಿದದ್ದು ಹೊಟ್ಟೆಯಲ್ಲಿ, ಮೂಳೆಯಲ್ಲಿ ತುಂಬ್ಕೊಳ್ತಾ ಹೋಗುತ್ತೆ," ಎಂದರು. ಪರೀಕ್ಷೆ ಬೆಂಗಳೂರಿನಲ್ಲಿ. ರಕ್ತ ಒಂದು ದಿನದೊಳಗೆ ಅಲ್ಲಿಗೆ ತಲುಪಬೇಕು, ಬಿಸಿಯಾಗಬಾರದು, ಐಸಿಗೆ ತಾಗಿ ಗಟ್ಟಿಯೂ ಆಗಬಾರದು.

ಮೊದಲ ಸಲ ಕೊರಿಯರ್‌ನಲ್ಲಿ ಕಳಿಸಿದ್ದು ದಾರಿಯಲ್ಲೇ ಕೆಟ್ಟಿತು. ಎರಡನೆಯ ಸಲ ನಾನೇ ಒಯ್ಯುತ್ತೇನೆಂದೆ. ಜೊತೆಗೆ ಆರೋಗ್ಯವಂತರೊಬ್ಬರ ರಕ್ತವೂ ಹೋಗಬೇಕಿತ್ತು. ಅದೂ ಕೆಟ್ಟಿದ್ದರೆ ತಪ್ಪು ಪ್ರಯಾಣದ್ದೆಂದು ತಿಳಿಯುತ್ತದೆ. ಬೇರೆ ಯಾರನ್ನು ಕೇಳಲಿ? ನನ್ನದನ್ನೇ ಕೊಟ್ಟೆ. ಟ್ಯೂಬುಗಳನ್ನು ಬಟ್ಟೆಯಲ್ಲಿ ಸುತ್ತಿ ಐಸಿನ ಡಬ್ಬಿಯಲ್ಲಿಟ್ಟು, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡು ಕೂತೆ.

ಅಲ್ಲಿನ ಹಿರಿಯ ಟೆಕ್ನಿಷಿಯನ್ ಒಬ್ಬರು ನಾನು ಕಾಯುವುದನ್ನು ನೋಡಿ ಒಳಗೆ ಕರೆದರು. ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಒಡೆದು, ಒಂದು ರಾಸಾಯನಿಕದ ಜೊತೆ ಬೆಚ್ಚಗೆ ಇಟ್ಟಿದ್ದರು. ಎಂಜೈಮ್ ಇದ್ದರೆ ಅದು ಆ ರಾಸಾಯನಿಕವನ್ನು ತುಂಡರಿಸುತ್ತದೆ, ಆಗ ವಿಶೇಷ ದೀಪದಡಿ ನೀಲಿ ಹೊಳಪು ಬರುತ್ತದೆ ಎಂದರು. ನನ್ನ ಟ್ಯೂಬು ನೀಲಿಯಾಗಿ ಬೆಳಗಿತು. ಮಗುವಿನದು ಹೊಳೆಯದೆ ಕಪ್ಪಗೇ ಉಳಿಯಿತು.

ರಿಪೋರ್ಟು ಅಂಚೆಯಲ್ಲಿ ಬಂದ ದಿನ ಆ ಹೆಂಗಸು ಡಾಕ್ಟರು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡು, "ಬಸ್ರೀಲಿ ಗ್ರಾಣ ನೋಡ್ಬುಟ್ಟೆ, ಅದ್ಕೇ ಇಂಗಾಯ್ತು ಅಂತಾರೆ ನಮ್ಮತ್ತೆ. ಅದೇಯಾ ಮೇಡಮ್?" ಎಂದಳು.

"ಅಲ್ಲಮ್ಮ. ನಿನ್ನಿಂದ ಅರ್ಧ, ನಿಮ್ಮ ಯಜಮಾನ್ರಿಂದ ಅರ್ಧ ಬಂದದ್ದು. ಯಾರದೂ ತಪ್ಪಿಲ್ಲ," ಎಂದರು ಡಾಕ್ಟರು.

"ಔಸ್ದಿ?"

"ಹೊರದೇಶದಲ್ಲಿದೆ. ನಮ್ಮ ಕೈಗೆ ಎಟುಕೋದಲ್ಲ."

ಅವಳು ಮಗುವಿನ ಕೂದಲು ಸವರಿದಳು. ಆಮೇಲೆ, "ತಪ್ಪಿಲ್ಲ ಅಂದ್ರಲ್ಲ, ಅದ್ನೇ ಒಂದ್ ಚೀಟೀಲಿ ಬರ್ಕೊಡಿ. ನಾನೇಳುದ್ರೆ ಯಾರೂ ನಂಬಕಿಲ್ಲ," ಎಂದಳು. ಡಾಕ್ಟರು ಕನ್ನಡದಲ್ಲೇ ಬರೆದು ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು.

ಆ ಭಾನುವಾರ ನಾನು ತಿ. ನರಸೀಪುರದ ಬಸ್ಸು ಹತ್ತಿದೆ. ಅಮ್ಮ ಅಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ನನ್ನ ತಮ್ಮನಿಗೂ ಹೀಗೇ ಹೊಟ್ಟೆ ಉಬ್ಬಿತ್ತು. ಎಂಟು ತುಂಬುವ ಮೊದಲೇ ಹೋದ. ಅಮ್ಮನ ಮೇಲೆ ಜನ ಏನೇನೋ ಹೊರಿಸಿದರು. ಅಂದಿನಿಂದ ಅವಳು ನಾಮಕರಣ, ಸೀಮಂತ ಎಂದು ಯಾರ ಮನೆಯ ಹೊಸಿಲೂ ತುಳಿದಿರಲಿಲ್ಲ. ಅವನ ರಕ್ತವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಆದರೂ ಅದೇ ಕಾಯಿಲೆ ಇರಬೇಕೆಂದು ನನಗನ್ನಿಸಿತ್ತು. ಅವಳ ಎದೆ ಹಗುರಾಗುತ್ತದೆಂದು ಎಲ್ಲವನ್ನೂ ಹೇಳಿದೆ.

ಅಮ್ಮ ಹೊಲಿಗೆ ಮಿಷಿನ್ನಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಮೂಳೇಲೂ ತುಂಬ್ಕೊಳ್ಳುತ್ತೆ ಅಂದ್ಯಲ್ಲ. ಹಾಗಾದ್ರೆ ಕಾಲು ನೋಯುತ್ತೆ ಅಂತಿದ್ನಲ್ಲ, ಅದು ನಿಜವೇನೇ?"

ಸ್ಕೂಲು ತಪ್ಪಿಸಲು ನಾಟಕ ಆಡುತ್ತಾನೆಂದು ಅವಳು ಅವನನ್ನು ಹೊಡೆದು ನಡೆಸಿಕೊಂಡು ಹೋಗುತ್ತಿದ್ದಳು. ನಾನೂ ಹಿಂದೆ ನಗುತ್ತಾ ಹೋಗುತ್ತಿದ್ದೆ. ಸುಳ್ಳು ಹೇಳಬಹುದಿತ್ತು. "ಹೂಂ ಅಮ್ಮ, ನಿಜ ಇರಬೇಕು," ಎಂದೆ.

ಅವಳು ಅಳಲಿಲ್ಲ. ನನಗೆ ಅನ್ನ ಬಡಿಸಿ ತಾನು ಊಟ ಮಾಡಲಿಲ್ಲ. ಮುಂದೆಯೂ ಯಾರ ಮನೆಗೂ ಹೋಗಲಿಲ್ಲ. ಒಮ್ಮೆ ಒತ್ತಾಯಿಸಿದಾಗ, "ಹೋಗೋದು ಮರ್ತೇಹೋಗಿದೆ ಕಣೆ," ಎಂದಳು.

ಹೆಮ್ಮಿಗೆಯ ಮಗು ಇನ್ನೆರಡು ವರ್ಷ ಬದುಕಿತ್ತು. ಅದರ ತಾಯಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದಳು. ಚೀಟಿ ಓದಿದ ಮೇಲೆ ಅತ್ತೆಯೇ ಮಗುವನ್ನು ಎತ್ತಿಕೊಂಡು ತಿರುಗುತ್ತಿದ್ದಳಂತೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ನಾನು ಕೋಣೆಗೆ ಹೋಗಿ ಒಬ್ಬಳಿಗೆ ಸಾಲುವಷ್ಟು ಅಕ್ಕಿ ತೊಳೆದೆ.